ಟ್ರಾಲಿ ಹತ್ತಿದ ಸೈಕಲ್ಲು

"ಸಾರ್, ಅಷ್ಟು ದೂರ ಹೋಗಿ ಬಂದ್ರಲ್ಲ, ಒಂದು ಸಲವೂ ಗಾಡಿ ಹತ್ತಲಿಲ್ವಾ?"

ಹೋದ ಶನಿವಾರ ಕಲ್ಯಾಣದುರ್ಗದ ಕಾಲೇಜೊಂದರಲ್ಲಿ ನನ್ನ ಗಂಡನಿಗೆ ಸನ್ಮಾನ. ಶಾಲು ಹೊದಿಸಿದ್ದಾಯಿತು, ಹಾರ ಹಾಕಿದ್ದಾಯಿತು, ಸೇಬಿನ ಬುಟ್ಟಿ ಕೊಟ್ಟಿದ್ದಾಯಿತು. ಆಮೇಲೆ ಪ್ರಶ್ನೆ ಕೇಳುವ ಕಾರ್ಯಕ್ರಮ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ತೆಲುಗಿನಲ್ಲಿ ಕೇಳಿದ ಪ್ರಶ್ನೆ ಇದು. ನಿಮಗೋಸ್ಕರ ಕನ್ನಡಕ್ಕೆ ತಂದಿದ್ದೇನೆ.

ನಮ್ಮವರು ಮೈಕ್ ಹಿಡಿದುಕೊಂಡು, "ಹತ್ತಿದೀನಮ್ಮ. ಒಂದೇ ಸಲ. ರೊದ್ದಂ ದಾಟಿದ ಮೇಲೆ" ಅಂದರು.

ಇಡೀ ಹಾಲ್ ನಕ್ಕಿತು. ನೇಪಾಳ, ಭೂತಾನ, ಬಾಂಗ್ಲಾದೇಶವನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿ ಬಂದ ಮನುಷ್ಯ ಪಕ್ಕದ ರೊದ್ದಂ ಹೆಸರು ಹೇಳಿದರೆ ಯಾರಿಗೆ ತಾನೇ ನಗು ಬರುವುದಿಲ್ಲ? ಪ್ರಿನ್ಸಿಪಾಲರಂತೂ ಎದ್ದು ಬಂದು ಬೆನ್ನು ತಟ್ಟಿದರು. ಇಂಥ ವಿನಯ ಈ ಕಾಲದಲ್ಲಿ ಅಪರೂಪ ಅಂತ ಮೈಕಿನಲ್ಲೇ ಹೊಗಳಿದರು.

ನಾನು ನಗಲಿಲ್ಲ. (ಸನ್ಮಾನಿತರ ಹೆಂಡತಿ ಅಂತ ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದ್ದರು. ತೊಡೆಯ ಮೇಲೆ ಸೇಬಿನ ಬುಟ್ಟಿ ಬೇರೆ.) ಅವರು ಹೇಳಿದ್ದು ಜೋಕೂ ಅಲ್ಲ, ವಿನಯವೂ ಅಲ್ಲ ಅನ್ನುವುದು ಆ ಹಾಲ್‌ನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಯಾಕೆಂದರೆ ಅವತ್ತು ಆ ಗಾಡಿಯನ್ನು ನಾನೂ ಹತ್ತಿದ್ದೆ.

ಹೊಸ ಓದುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಮ್ಮವರು ಅಂದರೆ ರಘು. ಈ ಅಂಕಣದಲ್ಲಿ ಆಗಾಗ ನನ್ನಿಂದ ಬೈಸಿಕೊಳ್ಳುವವರು. ಹಿಂದೂಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಒಂದೇ ಸ್ಟೂಲಿನ ಮೇಲೆ ಕೂತಿರುವ ಮನುಷ್ಯ. ಇವರಿಗೆ ಸೈಕಲ್ ಹುಚ್ಚು ಹಿಡಿಯುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಾನು ಮದುವೆಗೆ ಮುಂಚೆ ಇನ್ನೊಂದು ಸಲ ಯೋಚನೆ ಮಾಡುತ್ತಿದ್ದೆ.

ಹುಚ್ಚು ಹಿಡಿಸಿದವರು ಕಲ್ಯಾಣದುರ್ಗದ ತಿಪ್ಪೇಸ್ವಾಮಿ ಮತ್ತು ಈರಣ್ಣ. ಮೂವರೂ ಐಟಿಐನಲ್ಲಿ ಒಂದೇ ಬೆಂಚು. ನಲವತ್ತರ ಹತ್ತಿರ ಬಂದ ಮೇಲೆ ಇದ್ದಕ್ಕಿದ್ದಂತೆ ಮೂವರಿಗೂ ಏನೋ ಆಯಿತು. ಬೆಂಗಳೂರಿಗೆ ಹೋಗಿ ಗೇರ್ ಸೈಕಲ್ ತಂದರು. ಟೆಂಟ್ ತಂದರು. ಸೀಮೆಎಣ್ಣೆ ಸ್ಟವ್ ತಂದರು. ದೀಪಾವಳಿ ಮುಗಿಸಿಕೊಂಡು ಹೊರಟೇಬಿಟ್ಟರು. ಸಾಲದ್ದಕ್ಕೆ ಒಂದು ಚೀಲ ರಾಗಿಹಿಟ್ಟು ಬೇರೆ. ನೇಪಾಳದಲ್ಲಿ ಯಾವುದೋ ಹೊಳೆ ದಂಡೆಯಲ್ಲಿ ಟೆಂಟ್ ಹಾಕಿ ಇವರು ಮುದ್ದೆ ತಿರುವುತ್ತಿದ್ದರೆ ಸುತ್ತಲಿನ ಹಳ್ಳಿಯವರು ಬಂದು ನಿಂತು ನೋಡುತ್ತಿದ್ದರಂತೆ. ಒಬ್ಬ ಅಜ್ಜಿ ಒಂದು ಮುದ್ದೆ ಕೇಳಿ ಇಸಿದುಕೊಂಡು, ಅಗಿದು ಅಗಿದು ಸಾಕಾಗಿ, ಮುದ್ದೆಯನ್ನು ನುಂಗಬೇಕು ಅಂತ ಇವರು ಸನ್ನೆಯಲ್ಲಿ ಹೇಳಿಕೊಡುವಷ್ಟರಲ್ಲಿ ಎದ್ದುಹೋದಳಂತೆ.

ಅವರದ್ದು ಒಂದು ನಿಯಮವಿತ್ತು. ತುಳಿಯಬೇಕು, ಆಗದಿದ್ದರೆ ತಳ್ಳಬೇಕು. ಗಾಡಿ ಮಾತ್ರ ಹತ್ತಬಾರದು.

ಈ ನಿಯಮಕ್ಕೆ ಕಾರಣ ನಮ್ಮ ಊರಿನ ಬಾಯಿ. ಹೊರಡುವ ಮುಂಚೆಯೇ ಪೇಟೆಯಲ್ಲಿ ಮಾತು ಶುರುವಾಗಿತ್ತು. ಗುಂತಕಲ್‌ನಲ್ಲಿ ಟ್ರೈನ್ ಹತ್ತುತ್ತಾರೆ, ಬಾರ್ಡರ್‌ನಲ್ಲಿ ಇಳಿದು ಫೋಟೋ ತೆಗೆಸಿಕೊಂಡು ಬರುತ್ತಾರೆ ಅಂತ. ನಮ್ಮವರಿಗೆ ಅದು ಚುಚ್ಚಿತು. ಅಂಗಡಿ ಮುಂದೆ ಹಾಗೆ ಅಂದವನಿಗೇ ಮುಖಕ್ಕೆ ಹೇಳಿದರು: "ನನ್ನ ಮನೆ ಹೊಸಲಿಂದ ತುಳ್ಕೊಂಡು ಹೋಯ್ತೀನಿ, ಅದೇ ಹೊಸಲಿಗೆ ತುಳ್ಕೊಂಡು ಬತ್ತೀನಿ. ನೋಡ್ಕೊಳ್ಳಪ್ಪ."

ಹಾಗೇ ತುಳಿದರು ಕೂಡ. ಬಿಹಾರದಲ್ಲಿ ಜ್ವರ ಬಂದು ಈರಣ್ಣ ಮುಂದಿನ ಊರಿಗೆ ಬಸ್ ಹತ್ತಿದರೆ, ಅದಕ್ಕಿಂತ ಜಾಸ್ತಿ ಜ್ವರ ಬಂದರೂ ಇವರು ಶಾಲೆಯ ಜಗಲಿಯಲ್ಲಿ ಟೆಂಟ್ ಹಾಕಿಕೊಂಡು ಮಲಗಿ, ಎದ್ದು, ಮತ್ತೆ ತುಳಿದರು. ಭೂತಾನದ ಘಾಟಿಯಲ್ಲಿ ಲಾರಿಯವನು ನಿಲ್ಲಿಸಿ ಕರೆದರೂ ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಹತ್ತಿದರು. ಬಾಂಗ್ಲಾದಲ್ಲಿ ನದಿಗೆ ಸೇತುವೆ ಇರಲಿಲ್ಲ, ದೋಣಿ ಬಿಟ್ಟರೆ ಗತಿಯಿಲ್ಲ. ದೋಣಿಯೂ ಗಾಡಿಯೇ ಅಲ್ಲವೇ? ಮೂವರೂ ಈ ವಿಷಯಕ್ಕೆ ದಡದಲ್ಲಿ ನಿಂತು ಜಗಳವಾಡಿದರಂತೆ. ಕೊನೆಗೆ ನಮ್ಮವರು ದೋಣಿಯ ಮೇಲೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಆ ದಡ ಬರುವವರೆಗೂ ನಿಂತಲ್ಲೇ ಪೆಡಲ್ ತುಳಿದರಂತೆ. ಇದನ್ನು ಫೋನಿನಲ್ಲಿ ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಫೋನ್ ಇಟ್ಟ ಮೇಲೆ, ಇಂಥ ಹಟದ ಮನುಷ್ಯ ನನ್ನ ಗಂಡ ಅಂತ ಹೆಮ್ಮೆಯೂ ಆಯಿತು.

ಈಗ ನನ್ನ ವಿಷಯ.

ಹೊರಡುವ ದಿನ ಬಾಗಿಲಲ್ಲಿ ನಿಂತು ನಾನು ಮುಖ ಊದಿಸಿಕೊಂಡಿದ್ದೆ. ಅಷ್ಟು ತಿಂಗಳು ಮನೆಯಲ್ಲಿ ಒಬ್ಬಳೇ ಇರಬೇಕು, ಮಗ ಹಾಸ್ಟೆಲಿನಲ್ಲಿ. ನಮ್ಮವರು ಸಮಾಧಾನ ಮಾಡಲು ನಗುತ್ತಾ ಒಂದು ಮಾತು ಹೇಳಿದರು. "ನಿಂಗೆ ಸೈಕಲ್ ಬತ್ತಿದ್ರೆ ನಿನ್ನೂ ಕರ್ಕೊಂಡು ಹೋಯ್ತಿದ್ದೆ ಕಣೇ."

ಹೇಳಿದವರು ಬೆಲ್ ಹೊಡೆದುಕೊಂಡು ಹೋದರು. ಕೇಳಿಸಿಕೊಂಡವಳು ಅಡುಗೆಮನೆಯಲ್ಲಿ ಕೂತು ಯೋಚಿಸಿದೆ. ನನಗೆ ಯಾಕೆ ಸೈಕಲ್ ಬರುವುದಿಲ್ಲ? ಗೋರಂಟ್ಲದ ನನ್ನ ತವರಿನಲ್ಲಿ ಅಣ್ಣನ ಸೈಕಲ್ ಇತ್ತು. ಬಾರ್ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ತುಳಿಯುವಷ್ಟು ಕಲಿತಿದ್ದೆ. ಅಷ್ಟರಲ್ಲಿ ಲಂಗದಾವಣಿ ಬಂತು, ಸೈಕಲ್ ಕೈ ತಪ್ಪಿತು. ಬೇಡ ಅಂತ ಯಾರೂ ಬೈದು ಹೇಳಲಿಲ್ಲ. ಅಣ್ಣ ಅದನ್ನು ಎತ್ತರದ ಜಗಲಿಯ ಮೇಲೆ ನಿಲ್ಲಿಸಲು ಶುರು ಮಾಡಿದ, ಅಷ್ಟೇ.

ನಾನು ಮೇಷ್ಟ್ರಮ್ಮ ಅನ್ನುವುದು ನಿಮಗೆ ಗೊತ್ತು. ನಮ್ಮ ಕನ್ನಡ ಮೀಡಿಯಂ ಶಾಲೆಗೆ ಒಂದು ದೊಡ್ಡ ಗ್ರೌಂಡಿದೆ. ಆ ಗ್ರೌಂಡಿನ ಯಜಮಾನಿ ನಮ್ಮ ಪಿ.ಟಿ. ಟೀಚರ್ ಶಕೀಲಾ. ಒಂದು ದಿನ ಸ್ಟಾಫ್ ರೂಮಿನಲ್ಲಿ, ಸೈಕಲ್ ಕಲಿಯಬೇಕು ಅಂತ ಅವರ ಕಿವಿಯಲ್ಲಿ ಹೇಳಿದೆ. ಅವರು ನಗಲಿಲ್ಲ. "ನಾಳೆ ಬೆಳಿಗ್ಗೆ ಬೇಗ ಬನ್ನಿ ಟೀಚರ್. ಸೀರೆಗೆ ಪಿನ್ನು ಜಾಸ್ತಿ ಹಾಕ್ಕೊಂಡು ಬನ್ನಿ" ಅಂದರು.

ಹಳೆಯ ಲೇಡಿಸ್ ಸೈಕಲ್ ಒಂದನ್ನು ಅವರೇ ಹುಡುಕಿಕೊಟ್ಟರು. ಅದನ್ನು ಅವರ ಮನೆಯಲ್ಲೇ ಇಟ್ಟೆವು. ಮಕ್ಕಳು ಬರುವ ಮುಂಚೆ ನನ್ನ ಕ್ಲಾಸು. ಬಿದ್ದೆ. ಮತ್ತೆ ಬಿದ್ದೆ. ಗೋಲ್ ಪೋಸ್ಟಿಗೆ ಗುದ್ದಿದೆ. (ಅಷ್ಟು ಅಗಲದ ಗ್ರೌಂಡಿನಲ್ಲಿ ಅದೊಂದೇ ಅಡ್ಡ ಇರುವುದು. ಸರಿಯಾಗಿ ಅದಕ್ಕೇ ಹೋಗಿ ಗುದ್ದುವುದಕ್ಕೂ ಒಂದು ಪ್ರತಿಭೆ ಬೇಕು.) ಶಕೀಲಾ ಹಿಂದಿನಿಂದ ಸೀಟು ಹಿಡಿದು ಓಡುತ್ತಾ ಒಂದೇ ಮಾತು ಹೇಳುತ್ತಿದ್ದರು. "ಕೆಳಗೆ ನೋಡ್ಬೇಡಿ ಟೀಚರ್, ಮುಂದೆ ನೋಡಿ. ನೆಲ ಎಲ್ಲೂ ಹೋಗಲ್ಲ."

ಸಂಕ್ರಾಂತಿ ಕಳೆಯುವಷ್ಟರಲ್ಲಿ ಗ್ರೌಂಡಿನಲ್ಲಿ ಸುತ್ತು ಹಾಕುತ್ತಿದ್ದೆ. ಶಿವರಾತ್ರಿ ಹೊತ್ತಿಗೆ ರಸ್ತೆಗೆ ಬಂದೆ. ಸೆರಗು ಬಿಗಿದು, ಬಾಯಿ ಬಿಗಿದು, ಲಾರಿ ಬಂದರೆ ಇಳಿದು ನಿಂತು, ಅದು ಹೋದ ಮೇಲೆ ಮತ್ತೆ ಹತ್ತಿ. ಆ ಬೆಳಗುಗಳಲ್ಲಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಹಾಸ್ಟೆಲಿನಲ್ಲಿ ಓದುವ ಮಗನಿರುವ ಮೇಷ್ಟ್ರಮ್ಮ ನಾನು ಅನ್ನುವುದು ಮರೆತುಹೋಗುತ್ತಿತ್ತು. ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ ಸುಮ್ಮನೆ ನಗು ಬರುತ್ತಿತ್ತು.

ನಮ್ಮವರು ಪ್ರತಿ ಭಾನುವಾರ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತಿದ್ದರು. ಎಷ್ಟೋ ಸಲ ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಎದುರಿಗೇ ತೋರಿಸಬೇಕು, ಆ ಮುಖ ಹೇಗಾಗುತ್ತದೆ ನೋಡಬೇಕು ಅನ್ನುವ ಆಸೆ.

ಪ್ಲಾನ್ ಸರಳವಾಗಿತ್ತು. ವಾಪಸ್ ಬರುವಾಗ ಮೂವರೂ ಮೊದಲು ಕಲ್ಯಾಣದುರ್ಗ ಮುಟ್ಟುತ್ತಾರೆ. ತಿಪ್ಪೇಸ್ವಾಮಿ, ಈರಣ್ಣ ಅಲ್ಲೇ ಉಳಿಯುತ್ತಾರೆ. ನಮ್ಮವರು ಒಬ್ಬರೇ ಮಾರನೆಯ ದಿನ ರೊದ್ದಂ ಮೇಲೆ ಹಿಂದೂಪುರಕ್ಕೆ ಬರುತ್ತಾರೆ. ಊರಿಗೆ ಸ್ವಲ್ಪ ಮುಂಚೆ ರಸ್ತೆ ಪಕ್ಕದಲ್ಲಿ ಹುಣಸೆ ಮರಗಳ ಸಾಲಿದೆ. ನಾನು ಅಲ್ಲಿ ಸೈಕಲ್ ಹಿಡಿದು ನಿಂತಿರುತ್ತೇನೆ. ಅವರು ಬರುತ್ತಾರೆ. ನಾನು ಏನೂ ಹೇಳದೆ ಸೈಕಲ್ ಹತ್ತುತ್ತೇನೆ. ಅಲ್ಲಿಂದ ಮನೆ ಹೊಸಲಿನವರೆಗೆ ಇಬ್ಬರೂ ಜೊತೆಗೆ ತುಳಿದುಕೊಂಡು ಬರುತ್ತೇವೆ. ಮೂರು ದೇಶಕ್ಕೆ ಕರೆದುಕೊಂಡು ಹೋಗದಿದ್ದರೆ ಹೋಗಲಿ. ಅವರ ಪ್ರಯಾಣದ ಕೊನೆಯ ತುಂಡು ನನ್ನದೂ ಆಗುತ್ತದೆ.

ಇಷ್ಟೇ ನನಗೆ ಬೇಕಾಗಿದ್ದದ್ದು.

ಆದರೆ ನಮ್ಮ ಕುಟುಂಬದಲ್ಲಿ ಪ್ಲಾನ್ ಮಾಡುವ ಇನ್ನೊಬ್ಬರಿದ್ದಾರೆ. ನಮ್ಮವರ ಚಿಕ್ಕಪ್ಪ, ನನಗೆ ಚಿಕ್ಕಮಾವ, ನಾರಾಯಣಪ್ಪನವರು. ಹುಣಸೆಹಣ್ಣಿನ ವ್ಯಾಪಾರಸ್ಥರು. ಮಾವ ತೀರಿಕೊಂಡ ಮೇಲೆ ಮನೆಗೆ ಹಿರಿಯರು ಅವರೇ. ಚಿನ್ನದಂಥ ಮನುಷ್ಯ. (ತೆಲುಗು ಪೇಪರ್ ಬಿಟ್ಟು ಬೇರೇನೂ ಓದುವುದಿಲ್ಲ. ಆ ಧೈರ್ಯದ ಮೇಲೆ ಇದನ್ನೆಲ್ಲ ಬರೆಯುತ್ತಿದ್ದೇನೆ.) ಕಲ್ಯಾಣದುರ್ಗದವರು ತಮ್ಮ ಹುಡುಗರನ್ನು ಊರ ಹೊರಗಿಂದ ತಮಟೆ ಹೊಡೆಸಿಕೊಂಡು ಕರೆತಂದ ಸುದ್ದಿ ಅವರಿಗೆ ಸಂಜೆಯೇ ಫೋನಿನಲ್ಲಿ ಮುಟ್ಟಿತು. ಹೊಸದಾಗಿ ಕೊಂಡಿದ್ದ ಮೊಬೈಲಿಗೆ ಅದಕ್ಕಿಂತ ಒಳ್ಳೆಯ ಉಪಯೋಗ ಸಿಕ್ಕಿರಲಿಲ್ಲ.

"ಕಲ್ಯಾಣದುರ್ಗದವ್ರು ಅಷ್ಟು ಮಾಡವ್ರೆ ಅಂದ್ರೆ ಹಿಂದೂಪುರದವ್ರು ಕೈ ಕಟ್ಕೊಂಡು ಕೂತ್ಕಾಬೇಕಾ? ಬ್ಯಾಂಡ್ ಸೆಟ್ಟು ಹೇಳಿ. ಟ್ರ್ಯಾಕ್ಟರ್ರು ಹೇಳಿ. ನಮ್ಮ ಹುಡ್ಗುನ್ನ ರೊದ್ದಂ ಹತ್ರಾನೇ ಎದುರ್ಗೊಳ್ಳಾಣ" ಅಂದರಂತೆ.

ನಮ್ಮ ಕಡೆ ಮದುವೆಯಲ್ಲಿ ಗಂಡಿನವರನ್ನು ಎದುರ್ಗೊಳ್ಳುವ ಪದ್ಧತಿ ನಿಮಗೆ ಗೊತ್ತೇ ಇದೆ. ತೆಲುಗಿನವರಿಗೆ ಎದುರುಕೋಲು. ಹೆಣ್ಣಿನವರು ಊರ ಹೊರಗೆ ಹೋಗಿ, ಪಾನಕ ಕೊಟ್ಟು, ಮದುಮಗನನ್ನು ಗಾಡಿಯಲ್ಲಿ ಕೂರಿಸಿ ವಾದ್ಯದ ಸಮೇತ ಕರೆತರುವುದು. ಒಂದು ಸಲ ಎದುರ್ಗೊಂಡ ಮೇಲೆ ಅವನು ಕಾಲು ನೆಲಕ್ಕಿಡುವ ಹಾಗಿಲ್ಲ. ಚಿಕ್ಕಮಾವನಿಗೆ ಗೌರವ ಮಾಡುವುದು ಅಂದರೆ ಇದೊಂದೇ ಗೊತ್ತು. ಕಲ್ಯಾಣ ಮಂಟಪದಿಂದ ಮದುಮಕ್ಕಳ ಕೆಂಪು ಸೋಫಾ ತರಿಸಿ ಟ್ರಾಲಿಯಲ್ಲಿ ಇಟ್ಟರು. ನಾಲ್ಕು ಮೂಲೆಗೆ ಬಾಳೆಕಂದು ಕಟ್ಟಿಸಿದರು. ನನಗೆ ಮಾತ್ರ ಯಾರೂ ಹೇಳಬಾರದು ಅಂತ ತಾಕೀತು ಮಾಡಿದ್ದರು.

ಅವರಿಗೂ ನನಗೆ ಸರ್‌ಪ್ರೈಸ್ ಕೊಡಬೇಕಿತ್ತಂತೆ.

ಅವತ್ತು ಬೆಳಿಗ್ಗೆ ನಾನು ಹಿಂದಿನ ಬೀದಿಗಳಲ್ಲಿ ಸೈಕಲ್ ತಳ್ಳಿಕೊಂಡು ಊರು ದಾಟಿ, ಆಮೇಲೆ ತುಳಿದುಕೊಂಡು ಹುಣಸೆ ಸಾಲಿಗೆ ಬಂದೆ. ಹೊಸ ಕಾಟನ್ ಸೀರೆ. ತಲೆಗೆ ಹೂವು. ಅಷ್ಟು ಹೊತ್ತಿಗಾಗಲೇ ಟ್ರ್ಯಾಕ್ಟರ್ ರೊದ್ದಂ ಕಡೆ ಹೋಗಿಯಾಗಿತ್ತು. ನನಗೆ ಹೇಗೆ ಗೊತ್ತಾಗಬೇಕು?

ಕಾದೆ. ಬಿಸಿಲು ಏರಿತು. ಹೋಗಿಬರುವವರಿಗೆಲ್ಲ ನಾನೇ ನೋಟ. ಸೈಕಲ್ ಹಿಡಿದು ನಿಂತ ಹೆಂಗಸು ಅಂದರೆ ಕಷ್ಟದಲ್ಲಿದ್ದಾಳೆ ಅಂತಲೇ ಲೆಕ್ಕ. ಹಾಲಿನ ಕ್ಯಾನ್ ಕಟ್ಟಿಕೊಂಡು ಬಂದವನೊಬ್ಬ ಬೈಕ್ ನಿಲ್ಲಿಸಿ, "ಏಮ್ಮಾ, ಪಂಕ್ಚರಾ?" ಅಂದ. ಇಲ್ಲಪ್ಪ, ಗಂಡ ಬಾಂಗ್ಲಾದೇಶದಿಂದ ಬರುತ್ತಿದ್ದಾನೆ, ಕಾಯುತ್ತಿದ್ದೇನೆ ಅಂತ ಹೇಳುವುದಕ್ಕಾಗುತ್ತದೆಯೇ? ಹೌದು, ಪಂಕ್ಚರ್ ಅಂದೆ. ಅವನು ಇಳಿದು ಟೈರ್ ಒತ್ತಿ ನೋಡಿ, ನನ್ನನ್ನೊಂದು ಸಲ ನೋಡಿ, ಬೈಕ್ ಹತ್ತಿ ಹೊರಟುಹೋದ.

ದೂರದಲ್ಲಿ ಬ್ಯಾಂಡ್ ಕೇಳಿಸಿತು. ಯಾರದೋ ಮದುವೆ ದಿಬ್ಬಣ ಅಂದುಕೊಂಡೆ. ಒಳ್ಳೆಯ ದಿನ, ಶುಭಶಕುನ ಅಂತ ಮನಸ್ಸಿನಲ್ಲೇ ಕೈ ಮುಗಿದೆ. ದಾರಿ ಬಿಡಲು ಸೈಕಲ್ಲನ್ನು ಎಳೆದು ಮರದ ಹಿಂದಕ್ಕೆ ಒರಗಿಸಿ ನಿಂತೆ.

ಟ್ರ್ಯಾಕ್ಟರ್ ಹತ್ತಿರ ಬಂತು. ಬಾಳೆಕಂದಿನ ನಡುವೆ ಕೆಂಪು ಸೋಫಾ. ಸೋಫಾದ ಮೇಲೆ ಕಪ್ಪಗಾದ, ಬಡಕಲಾದ, ಗಡ್ಡದ ಮದುಮಗ. ಕೊರಳ ತುಂಬ ಹಾರ. ಯಾವ ಮನೆತನದವರಪ್ಪ ಇಂಥ ಗಂಡನ್ನು ಹುಡುಕಿದವರು ಅಂತ ನೋಡಿದರೆ, ನನ್ನದೇ ಗಂಡ.

ಅವರೂ ನನ್ನನ್ನು ನೋಡಿದರು. ಕೈ ಎತ್ತಿದರು.

ಚಿಕ್ಕಮಾವ ಟ್ರಾಲಿಯಿಂದ ಇಳಿದು ಓಡಿ ಬಂದರು. "ಇಲ್ಲೀಗಂಟ ನಡ್ಕೊಂಡು ಬಂದ್ಬುಟ್ಯೇನಮ್ಮ, ಬಿಸ್ಲಲ್ಲಿ? ಯಾರ್ ಹೇಳಿದ್ರು ನಿಂಗೆ? ಬಾ ತಾಯಿ, ಹತ್ತು, ಹತ್ತು. ನಿನ್ನ ಜಾಗ ಖಾಲಿ ಐತೆ ನೋಡು" ಅಂದರು. ಸೋಫಾ ಇಬ್ಬರದ್ದಲ್ಲವೇ. ಒಂದು ಪಕ್ಕ ಖಾಲಿ ಇತ್ತು.

ಬ್ಯಾಂಡಿನ ಹುಡುಗ ಯಾರೋ ಮರದ ಹಿಂದಿನ ಸೈಕಲ್ ಎತ್ತಿ ಟ್ರಾಲಿಗೆ ಹಾಕಿದ. ಯಾರೋ ಕೈ ಹಿಡಿದು ಮೇಲೆ ಹತ್ತಿಸಿದರು. ಯಾರೋ ಹಾರ ಹಾಕಿದರು. ಬ್ಯಾಂಡಿನವರು ಇನ್ನೂ ಜೋರು ಮಾಡಿದರು. ನಾನು ಗಂಡನ ಪಕ್ಕದಲ್ಲಿ ಕೂತೆ. ಅವರು ಬಗ್ಗಿ ಕಿವಿಯ ಹತ್ತಿರ, "ಯಾಕೆ ಬಂದೆ ಇಷ್ಟು ದೂರ?" ಅಂದರು. "ಸುಮ್ನೆ" ಅಂದೆ. ಬ್ಯಾಂಡಿನ ಸದ್ದಿನಲ್ಲಿ ಅಷ್ಟು ಉದ್ದದ ಕಥೆಯನ್ನು ಹೇಗೆ ಹೇಳಬೇಕಿತ್ತು?

ನಮ್ಮ ಕಾಲ ಬಳಿ, ಟ್ರಾಲಿಯಲ್ಲಿ, ಎರಡು ಸೈಕಲ್ ಒಂದರ ಮೇಲೊಂದು ಮಲಗಿದ್ದವು. ಅವರದು ಕೆಳಗೆ, ನನ್ನದು ಮೇಲೆ. ಎರಡನ್ನೂ ಒಂದೇ ಹಗ್ಗದಲ್ಲಿ ಬಿಗಿದಿದ್ದರು. ನಮ್ಮವರು ಜನರಿಗೆ ಕೈ ಮುಗಿಯುತ್ತಾ ನಡುನಡುವೆ ಅವನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ನನಗೆ ಅಳು ಬಂತು. ಅಷ್ಟು ದಿನದ ಮೇಲೆ ಗಂಡನನ್ನು ನೋಡಿದ ಸಂತೋಷಕ್ಕೆ ಅಂತ ಎಲ್ಲರೂ ಅಂದುಕೊಂಡರು. ಚಿಕ್ಕಮಾವ ತಾವೂ ಕಣ್ಣೊರೆಸಿಕೊಂಡರು.

ಮನೆ ಮುಂದೆ ಕೆಂಪು ನೀರು ನಿವಾಳಿಸಿದರು. ಆಮೇಲೆ ನಮ್ಮವರ ಸೈಕಲ್ಲನ್ನು ಬೀದಿಯ ಜನ ನಾಲ್ಕು ಕಡೆ ಹಿಡಿದು, ಹೊಸಲು ದಾಟಿಸಿ, ಎತ್ತಿಕೊಂಡೇ ಒಳಗೆ ತಂದರು. ಚಕ್ರ ನೆಲಕ್ಕೆ ತಾಗದ ಹಾಗೆ ತಂದರು. ಅಷ್ಟು ಗೌರವ. ನನ್ನದನ್ನು ಯಾರೋ ಎದುರು ಮನೆ ಗೋಡೆಗೆ ಒರಗಿಸಿದ್ದರು. ಸಂಜೆ ಶಕೀಲಾ ಬಂದು ಸುಮ್ಮನೆ ತಳ್ಳಿಕೊಂಡು ಹೋದರು.

ಆಮೇಲೆ ಶುರುವಾದದ್ದು ಸನ್ಮಾನದ ಸೀಸನ್. ಪೇಟೆಯಲ್ಲಿ ನಮ್ಮವರ ಫ್ಲೆಕ್ಸ್ ಬಂತು. ಗುಂತಕಲ್‌ನಲ್ಲಿ ಟ್ರೈನ್ ಹತ್ತುತ್ತಾರೆ ಅಂದವನೇ ಮುಂದೆ ನಿಂತು ಶಾಲು ಹೊದಿಸಿದ. ಸೈಕಲ್ಲನ್ನು ಚಿಕ್ಕಮಾವ ತೊಳೆಸಿ, ಕುಂಕುಮ ಇಟ್ಟು, ತಮ್ಮ ಹುಣಸೆ ಮಂಡಿಯ ಗೋಡೆಗೆ ಎತ್ತರದಲ್ಲಿ ನೇತುಹಾಕಿಸಿದರು. ಮಂಡಿಗೆ ಬರುವ ರೈತರು ತಲೆ ಎತ್ತಿ ನೋಡಿ ಹೋಗುತ್ತಾರೆ. ಶುಕ್ರವಾರ ಅದಕ್ಕೆ ಊದುಬತ್ತಿ ಬೆಳಗುತ್ತಾರೆ. ಅಂಥದ್ದನ್ನು ಇಳಿಸಿಕೊಡಿ ಅಂತ ಯಾವ ಬಾಯಲ್ಲಿ ಕೇಳುವುದು? ಸೈಕಲ್ ಯಾತ್ರೆಯ ವೀರ ಈಗ ಸನ್ಮಾನಗಳಿಗೆ ಬಸ್ಸಿನಲ್ಲಿ ಹೋಗಿಬರುತ್ತಾರೆ.

ನಾನೂ ಬಿಟ್ಟೆ. "ಬರಲ್ವಾ ಟೀಚರ್?" ಅಂತ ಶಕೀಲಾ ಕೇಳಿದಾಗಲೆಲ್ಲ ನಾಳೆ, ನಾಳೆ ಅಂದೆ. ಕೊನೆಗೆ ಅವರ ಅಕ್ಕನ ಮಗಳು ಕಾಲೇಜು ಸೇರಿದಳು, ಸೈಕಲ್ ಅವಳಿಗೆ ಹೋಯಿತು. ನಾನೇ ಕೊಟ್ಟುಬಿಡಿ ಅಂದೆ. ಅಂದ ಮೇಲೆ ಮೂರು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ನಮ್ಮವರು ತಲೆನೋವಾ ಅಂತ ಕೇಳಿ ಮಾತ್ರೆ ತಂದುಕೊಟ್ಟರು.

ಅವರು ವಾಪಸ್ ಬಂದದ್ದು ಯುಗಾದಿಗೆ ಮುಂಚೆ. ಯುಗಾದಿ ಕಳೆದು ಶ್ರಾವಣ ಬಂತು. ಆ ದಿನದ ವಿಷಯವನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಹೋದ ಶನಿವಾರ ಹೇಳಿಕೊಂಡೆವು.

ಕಲ್ಯಾಣದುರ್ಗದಿಂದ ಮಧ್ಯಾಹ್ನದ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಕಿಟಕಿ ಪಕ್ಕ ಅವರು, ಈಚೆ ನಾನು, ನಡುವೆ ಸೇಬು. ರೊದ್ದಂ ದಾಟಿತು. ಒಂದು ತಿರುವಿನಲ್ಲಿ ಅವರು ಕಿಟಕಿಯಿಂದ ಹೊರಗೆ ಬೆರಳು ತೋರಿಸಿದರು.

"ಇಲ್ಲೇ ಕಣೇ. ಇಲ್ಲೇ ನನ್ನ ಸೈಕಲ್ಲಿಂದ ಇಳಿಸಿದ್ದು."

"ನೀವು ಬೇಡ ಅನ್ನಲಿಲ್ವಾ?"

"ಅಂದೆ. ಇನ್ನ ಸ್ವಲ್ಪ ದೂರ ಚಿಕ್ಕಪ್ಪ, ತುಳ್ಕೊಂಡೇ ಬತ್ತೀನಿ ಅಂದೆ. ಎದುರ್ಗೊಂಡ ಮೇಲೆ ಮದ್ವೆ ಗಂಡುನ್ನ ಬೆವರು ಸುರುಸ್ಕೊಂಡು ಬಾ ಅಂತಾರೇನ್ಲಾ, ಜನ ನನ್ ಮುಖಕ್ಕೆ ಉಗುದ್ಬುಡ್ತಾರೆ ಅಂದ್ರು. ಮತ್ತೆ ಬೇಡ ಅಂದೆ. ಆಗ ಸುಮ್ಕೆ ನನ್ನ ಕೈ ಹಿಡ್ಕೊಂಡು ನಿಂತ್ರು. ನಿಮ್ಮಪ್ಪ ಇದ್ದಿದ್ರೆ ಇದ್ನೆಲ್ಲ ಅವ್ನೇ ಮಾಡ್ತಿದ್ದ ಕಣೋ ಅಂದ್ರು. ಅಳ್ತಾ ಇದ್ರು. ಆಮೇಲೆ ಹೆಂಗೆ ಬೇಡ ಅನ್ನೋದು?"

ನಾನು ಸೇಬಿನ ಬುಟ್ಟಿಯನ್ನು ತೊಡೆಗೆ ಎತ್ತಿಕೊಂಡು ಅವರ ಹತ್ತಿರ ಸರಿದೆ.

"ನಿಂಗೆ ನಗು ಬರಬೋದು" ಅಂದರು. "ಭೂತಾನಲ್ಲಿ ಬೇಡ ಅಂದೋನು ನಾನು. ಬಿಹಾರಲ್ಲಿ ಜ್ವರ ಇಟ್ಕೊಂಡು ಬೇಡ ಅಂದೋನು. ಪರದೇಶದೋರ್ಗೆ ಬೇಡ ಅನ್ನೋದು ಸಲೀಸು ಕಣೇ. ನಮ್ಮೋರ್ಗೆ ಬೇಡ ಅನ್ನಕ್ಕಾಗಲ್ಲ. ಈಗ ಯಾರಾದ್ರೂ ಪೂರ್ತಿ ಸೈಕಲ್ನಾಗೇ ಬಂದ್ರಾ ಅಂತ ಕೇಳ್ದಾಗೆಲ್ಲ ಈ ತಿರುವೇ ಕಣ್ಮುಂದೆ ಬತ್ತದೆ."

ನನಗೆ ನಗು ಬರಲಿಲ್ಲ. ಅಷ್ಟು ತಿಂಗಳು ಅವರ ನೋವು ಅವರಲ್ಲಿ, ನನ್ನದು ನನ್ನಲ್ಲಿ, ಒಂದೇ ಮನೆಯಲ್ಲಿ, ಒಂದೇ ಟ್ರಾಲಿಯ ವಿಷಯಕ್ಕೆ. ಬಸ್ಸು ಹುಣಸೆ ಸಾಲಿನ ಹತ್ತಿರ ಬರುತ್ತಿತ್ತು. ಆಗ ಹೇಳಿದೆ. ಗ್ರೌಂಡು, ಶಕೀಲಾ, ಗೋಲ್ ಪೋಸ್ಟು, ಕಾಟನ್ ಸೀರೆ, ಪಂಕ್ಚರ್ ನೋಡಿದ ಹಾಲಿನವನು, ಎಲ್ಲ ಹೇಳಿದೆ. ಹುಣಸೆ ಮರಗಳು ಹಿಂದೆ ಹೋದವು. ನಾನು ಹೇಳುತ್ತಲೇ ಇದ್ದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಆ ಲೇಡಿಸ್ ಸೈಕಲ್ಲು ನಿಂದಾ?" ಅಂದರು. "ನಾನು ಬ್ಯಾಂಡಿನೋರಲ್ಲಿ ಯಾರ್ದೋ ಅಂದ್ಕೊಂಡಿದ್ದೆ ಕಣೇ."

ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಮತ್ತೆ ಅವರೇ ಅಂದರು. "ಈ ಭಾನುವಾರ ಹೋಗಾಣ್ವಾ? ಚಿಕ್ಕಪ್ಪಂಗೆ ಏನಾದ್ರೂ ಹೇಳಿ ಸೈಕಲ್ ಇಳಿಸ್ಕೊಂಡು ಬತ್ತೀನಿ. ನಿಂಗೊಂದು ಬಾಡಿಗೆಗೆ ತರಾಣ. ಆ ಮರದ ಹತ್ರದಿಂದ ಮನೆವರ್ಗೂ."

"ಬೇಡ ಬಿಡಿ" ಅಂದೆ.

ಕೋಪಕ್ಕೆ ಅಂದದ್ದಲ್ಲ. ಹೋಗಬಹುದು. ಯಾವ ಭಾನುವಾರ ಬೇಕಾದರೂ ಹೋಗಬಹುದು. ಆದರೆ ಅದು ಬರೀ ಒಂದು ರೌಂಡು. ಮೂರು ದೇಶದ ಧೂಳು ಹೊತ್ತುಕೊಂಡು ಮನೆಗೆ ಬರುತ್ತಿರುವ ಗಂಡ, ಅವರಿಗಾಗಿ ಮೊಣಕಾಲು ಒಡೆದುಕೊಂಡು ಕಲಿತ ಹೆಂಡತಿ, ಇಬ್ಬರೂ ಒಂದೇ ರಸ್ತೆಯಲ್ಲಿ ಪಕ್ಕಪಕ್ಕ ತುಳಿಯುವ ಬೆಳಗು ಒಂದೇ ಒಂದಿತ್ತು. ಅದು ಬ್ಯಾಂಡಿನ ಸಮೇತ ಹೋಯಿತು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇನಿದೆ?

ಚಿಕ್ಕಮಾವನ ಮೇಲೆ ನನಗೆ ಸಿಟ್ಟಿಲ್ಲ. ಅಣ್ಣನ ಮಗನಿಗೆ ತಂದೆಯ ಜಾಗದಲ್ಲಿ ನಿಂತು ಮಾಡಿದರು. ಅವರಿಗೆ ತಿಳಿದಿದ್ದ ಗೌರವವನ್ನೆಲ್ಲ ಸುರಿದರು. ನಮ್ಮ ಕಡೆಯ ಪ್ರೀತಿಯೇ ಹಾಗೆ. ಊಟ ಸಾಕು ಅಂದರೆ ಇನ್ನೊಂದು ಮುದ್ದೆ ಬೀಳುತ್ತದೆ. ಹೊರಡುತ್ತೇನೆ ಅಂದರೆ ಚಪ್ಪಲಿ ಬಚ್ಚಿಡುತ್ತಾರೆ. ನಿಮಗೇನು ಬೇಕು ಅಂತ ಕೇಳುವುದು ಪರಕೀಯರ ಜೊತೆ ಮಾಡುವ ಉಪಚಾರ. ನಮ್ಮವರು ಅಂದ ಮೇಲೆ ಕೇಳುವುದೇನು, ಎತ್ತಿ ಟ್ರಾಲಿಗೆ ಹಾಕಿದರಾಯಿತು. ಪ್ರೀತಿ ಜಾಸ್ತಿಯಾದಷ್ಟೂ ಕೇಳುವುದು ಕಡಿಮೆಯಾಗುತ್ತದೆ.

ಅದನ್ನೂ ಒಪ್ಪಿಕೊಂಡೆ. ನನಗೆ ಒಪ್ಪಿಕೊಳ್ಳಲು ಆಗದೆ ಉಳಿದಿರುವುದು ಒಂದೇ. ಗುರುತು ಪರಿಚಯವಿಲ್ಲದ ಊರುಗಳಲ್ಲಿ, ಭಾಷೆ ಬಾರದ ಜನರ ಹತ್ತಿರ, ನೀರು ಎಲ್ಲಿ, ನೆರಳು ಎಲ್ಲಿ, ಟೆಂಟ್ ಹಾಕಲೇ ಅಂತ ದಿನಕ್ಕೆ ಹತ್ತು ಸಲ ಬಾಯಿಬಿಟ್ಟು ಕೇಳಿದ ಮನುಷ್ಯ, ಪಕ್ಕದಲ್ಲೇ ಕೂತು ಅಳುತ್ತಿದ್ದ ಹೆಂಡತಿಯನ್ನು "ಆ ಸೈಕಲ್ ಯಾರದು?" ಅಂತ ಒಂದು ಮಾತು ಯಾಕೆ ಕೇಳಲಿಲ್ಲ?